ನಿಂಬೆಹಣ್ಣು ತುಳಿಸಿದ ಮೇಲೆ

ಜ್ಯೋತಿಲಕ್ಷ್ಮಿ ಆಂಟಿಗೆ ಮಾಗಡಿ ರೋಡ್ ದಾಟಲು ಭಯ ಎಂಬುದು ನಮ್ಮ ಗುಂಪಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆರ್‌ಪಿಸಿ ಲೇಔಟಿನ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಅವರು ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದರು. ಹೊಸಬರು ಬಂದ ದಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಬಂದು ತೋರಿಸುವರು. ಗಾಡಿಗಿಂತ ಮೊದಲು ಬಳೆಗಳ ಸದ್ದು ಬರುತ್ತಿತ್ತು.

“ಬಸ್ಸಿಗೆ ನಾವ್ಯಾಕ್ರೇ ಹೆದರ್ಬೇಕು? ಅವನ ಕಾಲಡೀನೂ ಬ್ರೇಕ್ ಇದೆ ತಾನೆ?”

ಆ ಮಾತು ಕೇಳಿಯೇ ನಾವೆಲ್ಲ ಸೇರಿದ್ದು. ಅದು ಸುಳ್ಳೆಂದು ಗೊತ್ತಾದರೆ ನಾಳೆ ಯಾರೂ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಊರಿನ ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ‘ಬ್ರವಾಡೊ’ ಎಂಬ ಪದ ಬಂದಿತ್ತು. ತೋರಿಕೆಯ ಧೈರ್ಯ ಎಂದು ಬರೆದುಕೊಂಡಿದ್ದೆ. ಹೊಗಳುವಾಗ ಬಳಸುವ ಪದವಲ್ಲ, ಬಡಾಯಿಯವರನ್ನು ಕುರಿತು ಹೇಳುವುದು ಎಂದು ಮೇಷ್ಟ್ರು ಸೇರಿಸಿದ್ದರು. ನಿಜವಾಗಿ ಹೆದರದವರಿಗೂ ಅದು ಹೊಂದುವುದಿಲ್ಲವಂತೆ, ಒಳಗೆ ಅಳುಕಿರಬೇಕು.

ಆಂಟಿಯ ಅಳುಕು ನನಗೆ ಕಂಡದ್ದು ನಾನು ಬಿದ್ದ ದಿನ. ಮೊಣಕಾಲು ತರಚಿ, ಇನ್ನು ಕಲಿಯುವುದೇ ಇಲ್ಲವೆಂದು ಅಳುತ್ತಾ ಕೂತಿದ್ದೆ. ಅವರು ಪಕ್ಕದಲ್ಲಿ ಕೂತರು.

“ನಾನೂ ಬಿದ್ದಿದೀನಿ ಕಣೇ ರಮ್ಯ. ಮಾಗಡಿ ರೋಡ್ ಸಿಗ್ನಲ್ಲಲ್ಲಿ. ಲಾರಿ ಚಕ್ರ ನನ್ನ ಸೆರಗಿನ ಮೇಲೆ ನಿಂತಿತ್ತು. ಮೂರು ವರ್ಷ ಆಯ್ತು, ಆಮೇಲೆ ಆ ರೋಡಿಗೆ ಗಾಡಿ ಇಳಿಸಿಲ್ಲ. ಆಚೆ ಅಮ್ಮನ ಮನೆಗೂ ಬಸ್ಸಲ್ಲೇ ಹೋಗ್ತೀನಿ.” ಎದ್ದು ಸೀರೆ ಕೊಡವಿ, “ಯಾರಿಗೂ ಹೇಳ್ಬೇಡ,” ಎಂದರು.

ನಾನು ಹೇಳಲಿಲ್ಲ.

ಆ ವರ್ಷದ ಆಯುಧಪೂಜೆಗೆ ಪಾರ್ಕಿನ ಪಕ್ಕ ಐದು ಸ್ಕೂಟರ್ ಸಾಲಾಗಿ ನಿಂತವು. ಚೆಂಡುಹೂವಿನ ಹಾರ, ಕುಂಕುಮ, ಮುಂದಿನ ಚಕ್ರದಡಿ ನಿಂಬೆಹಣ್ಣು. ಹೊಸದಾಗಿ ಕಲಿತವರಿಗೆ ಆಂಟಿ ಒಂದು ನೇಮ ಹೇಳಿಕೊಟ್ಟಿದ್ದರು: ನಿಂಬೆಹಣ್ಣು ತುಳಿಸಿದ ಗಾಡಿ ದೇವರ ದರ್ಶನ ಮಾಡದೆ ಮನೆಗೆ ತಿರುಗಬಾರದು. ಪ್ರತಿ ವರ್ಷ ಬೀದಿ ಕೊನೆಯ ಗುಡಿಗೆ ಹೋಗಿ ಬರುವರು. ಆ ವರ್ಷ ಗುಡಿಯ ರಿಪೇರಿ ನಡೆದಿತ್ತು, ಬಾಗಿಲು ಹಾಕಿತ್ತು.

“ಬಸವೇಶ್ವರನಗರಕ್ಕೆ ಹೋಗೋಣ ಬಿಡಿ,” ಎಂದಳು ವರಲಕ್ಷ್ಮಿ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ಬಾಯಿ ಜೋರು. “ಮಾಗಡಿ ರೋಡ್ ದಾಟಿದ್ರೆ ಆಯ್ತಲ್ಲ. ಆಂಟಿ, ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ. ಬಸ್ಸಿನ ಬ್ರೇಕ್ ನೋಡೇಬಿಡೋಣ!”

ಎಲ್ಲರೂ ನಕ್ಕರು. ಆಂಟಿಯೂ ನಕ್ಕರು. ಅವರ ಕೈ ಮಾತ್ರ ಹಾರದ ಒಂದೊಂದೇ ಹೂವನ್ನು ಕೀಳುತ್ತಿತ್ತು. ನಿಂಬೆಹಣ್ಣು ಆಗಲೇ ನಜ್ಜುಗುಜ್ಜಾಗಿ ರಸ್ತೆಗೆ ಅಂಟಿತ್ತು.

ನಾನು ನನ್ನ ಗಾಡಿಗೆ ಬೀಗ ಹಾಕಿ ಅವರ ಹಿಂದೆ ಹತ್ತಿದೆ.

“ನಿನ್ ಗಾಡಿಗೇನಾಯ್ತೇ?” ವರಲಕ್ಷ್ಮಿ ಕೇಳಿದಳು.

“ಪೆಟ್ರೋಲ್ ಇಲ್ಲ.”

ಕಲಿಯುವಾಗ ಅವರು ನನ್ನ ಹಿಂದೆ ಕೂತು ಹೆಗಲ ಮೇಲೆ ಕೈ ಇಡುತ್ತಿದ್ದರು. ಹಾಗೆಯೇ ಇಟ್ಟೆ. ಗೋವಿಂದರಾಜನಗರ ದಾಟಿದೆವು. ಮಾಗಡಿ ರೋಡ್ ಸಿಗ್ನಲ್ಲಿನಲ್ಲಿ ನಿಂತಾಗ ಅವರ ರವಿಕೆಯ ಬೆನ್ನು ಬೆವರಿನಲ್ಲಿ ತೊಯ್ದಿತ್ತು.

“ಆಗಲ್ಲ ಕಣೇ,” ಎಂದರು, ನನಗಷ್ಟೇ ಕೇಳುವಂತೆ.

“ಇಳೀತೀರಾ ಆಂಟಿ? ನಾನು ಓಡಿಸ್ತೀನಿ.”

ಅವರು ಕನ್ನಡಿಯಲ್ಲಿ ಹಿಂದೆ ನೋಡಿದರು. ಮೂರು ಹೆಲ್ಮೆಟ್ಟುಗಳು, ಹಾರ ಹಾಕಿದ ಮೂರು ಸ್ಕೂಟರ್, ಅವರನ್ನೇ ಕಾಯುತ್ತಿದ್ದ ಮುಖಗಳು. ಹಸಿರು ದೀಪ ಬಿತ್ತು. ಪಕ್ಕದ ಬಸ್ಸಿನವನು ಹಾರ್ನ್ ಒತ್ತಿದ.

“ಏನ್ರೀ ಅರ್ಜೆಂಟು? ಮನೇಲಿ ಮುದ್ದೆ ಆರ್ತಾ ಇದ್ಯಾ?” ಆಂಟಿ ಇಡೀ ಸಿಗ್ನಲ್ಲಿಗೇ ಕೇಳುವಂತೆ ಕೂಗಿದರು. ಡ್ರೈವರ್ ನಗುತ್ತಾ ಕೈ ತೋರಿಸಿ ದಾರಿ ಬಿಟ್ಟ. ಗಾಡಿ ಹೊರಟಿತು. ನನ್ನ ಅಂಗೈ ಕೆಳಗೆ ಅವರ ಹೆಗಲು ರಸ್ತೆ ಮುಗಿಯುವವರೆಗೂ ನಡುಗುತ್ತಿತ್ತು.

ಗುಡಿಯ ಮುಂದೆ ವರಲಕ್ಷ್ಮಿ, “ಬಸ್ಸನ್ನೇ ಹೆದರಿಸಿಬಿಟ್ರಲ್ಲ ಆಂಟಿ!” ಎಂದು ಹೊಗಳುತ್ತಲೇ ಇದ್ದಳು. ಆಂಟಿಯ ಬೆರಳುಗಳಿಗೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬರುತ್ತಿರಲಿಲ್ಲ. ಕೂದಲು ಸಿಕ್ಕಿದೆಯೆಂದು ನೆಪ ಹೇಳಿ ನಾನೇ ಬಿಚ್ಚಿದೆ.

ಈಗ ಅವರು ಕೆಂಗೇರಿಯಲ್ಲಿದ್ದಾರೆ, ಕಲಿಸುವುದನ್ನು ಬಿಟ್ಟಿದ್ದಾರೆ. ನಾನು ದಿನವೂ ಆ ಸಿಗ್ನಲ್ ದಾಟಿ ಕೆಲಸಕ್ಕೆ ಹೋಗುತ್ತೇನೆ. ಹಿಂದಿನಿಂದ ಹಾರ್ನ್ ಬಿದ್ದಾಗ ಎದೆ ಈಗಲೂ ಧಸಕ್ಕೆನ್ನುತ್ತದೆ. ಆಗ ತಿರುಗಿ, ಮುದ್ದೆ ಆರ್ತಾ ಇದ್ಯಾ ಎಂದು ಕೇಳುತ್ತೇನೆ, ಗಟ್ಟಿಯಾಗಿ.