ಮೂರು ಗಾಲಿಯ ಮೇಲೆ ನಮ್ಮ ಮನೆಮಂದಿ

ಶಾಲೆಯ ಆಟೊದಲ್ಲಿ ನನ್ನ ಚಿಕ್ಕ ಮಗಳಿಗೆ ಸಿಗುತ್ತಿದ್ದ ಜಾಗ ಚಾಲಕನ ಸೀಟಿನ ಅಂಚು. ಅರ್ಧ ಮೈ ಒಳಗೆ, ಒಂದು ಕಾಲು ಹೊರಗೆ. ಒಂದು ಸಂಜೆ ಗಂಗಾವತಿಯ ಮಾರುಕಟ್ಟೆಯ ತಿರುವಿನಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಆಟೊವನ್ನು ಸವರಿಕೊಂಡೇ ಹೋಯಿತು. ಟ್ರೇಲರಿನ ಕಬ್ಬಿಣಕ್ಕೆ ಸಿಕ್ಕಿ ಅವಳ ಬೂಟು ಕಿತ್ತುಹೋಯಿತು. ಪಾದ ಉಳಿಯಿತು. ಒಂಟಿ ಬೂಟಿನಲ್ಲಿ ಮನೆಗೆ ಬಂದವಳು ಅಳಲಿಲ್ಲ, ಬೂಟು ಕಳೆದದ್ದಕ್ಕೆ ನಾನು ಬೈಯುತ್ತೇನೆಂದು ಹೆದರಿದ್ದಳು.

ಮರುದಿನ ಬೆಳಿಗ್ಗೆ ಆಟೊ ಬಂದಾಗ ಚಾಲಕನನ್ನು ಕೇಳಿದೆ.

“ಎಲ್ಲಾರ ಮಕ್ಕಳೂ ಹಿಂಗ ಕುಂದರ್ತಾವ್ರಿ,” ಅಂದ ಆತ. “ನಿಮಗ ಸರಿ ಆಗವಲ್ದು ಅಂದ್ರ ಬ್ಯಾರೆ ಆಟೊ ನೋಡ್ಕೋರಿ.”

“ನೋಡ್ಕೊತೀನಿ,” ಅಂದು ಹೆಣ್ಣುಮಕ್ಕಳಿಬ್ಬರನ್ನೂ ಕೆಳಗಿಳಿಸಿಕೊಂಡೆ. ನೋಡಿಕೊಳ್ಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಇಬ್ಬರ ಚೀಲವನ್ನೂ ಹೆಗಲಿಗೇರಿಸಿ ಶಾಲೆಯವರೆಗೆ ನಡೆಸಿದೆ. ಅಂದು ಆಫೀಸಿಗೆ ತಡವಾಗಿ ಹೋಗಿ ಸಾಹೇಬರ ಸಿಡುಕು ಮುಖ ನೋಡಬೇಕಾಯಿತು.

ನನ್ನ ಗಂಡ ಕುಷ್ಟಗಿ ತಾಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರು. ಮನೆಯಲ್ಲಿದ್ದ ಒಂದೇ ಬೈಕು ಅವರ ಜೊತೆ ಹೊತ್ತು ಮೂಡುವ ಮೊದಲೇ ಹೊರಡುತ್ತಿತ್ತು. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಇಬ್ಬರು ಮಕ್ಕಳು ಮತ್ತು ಅತ್ತೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಕೊಪ್ಪಳದಲ್ಲಿ ಆಪರೇಷನ್ ಆಗಿ, ವಾರಕ್ಕೆ ಮೂರು ಸಲ ನಮ್ಮೂರಿನ ಆಸ್ಪತ್ರೆಗೆ ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕಿತ್ತು. “ಸ್ಕೂಟಿ ತೊಗೊಂಡುಬಿಡು,” ಅಂದರು ಗಂಡ. ಸ್ಕೂಟಿಯ ಮೇಲೆ ಕಾಲೆತ್ತಿ ಕೂರಲು ಅತ್ತೆಗಾಗದು. ಇಬ್ಬರು ಮಕ್ಕಳ ಜೊತೆಗಂತೂ ಮೊದಲೇ ಆಗದು.

ಹಿಂದಿನ ಚಳಿಗಾಲದಲ್ಲಿ ಹನುಮನಹಳ್ಳಿಯಲ್ಲಿ ಕಂಡ ವಿದೇಶಿ ಹೆಂಗಸೊಬ್ಬಳು ಆಗ ನೆನಪಾದಳು. ಅವಳ ಸೈಕಲ್ಲಿನ ಮುಂದೆ ದೊಡ್ಡದೊಂದು ಪೆಟ್ಟಿಗೆಯಿತ್ತು, ಅದರೊಳಗೆ ಎರಡು ಮಕ್ಕಳು ಪೇರಲಹಣ್ಣು ತಿನ್ನುತ್ತ ಕೂತಿದ್ದವು. ಸೈಕಲ್ಲಿಗೆ ಬ್ಯಾಟರಿ ಇತ್ತು. ಪಕ್ಕದ ಅಂಜನಾದ್ರಿ ಬೆಟ್ಟಕ್ಕೆ ಬಂದಿದ್ದ ಜನರೆಲ್ಲ ಅವಳ ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನು ಫೋಟೊ ತೆಗೆಯಲಿಲ್ಲ. ಬಗ್ಗಿ ಚಕ್ರ ನೋಡಿದ್ದೆ.

ಅಂಥದ್ದು ನಮ್ಮೂರಲ್ಲಿ ಸಿಗುವುದಿಲ್ಲ. ಸಿಕ್ಕದ್ದು ಗ್ಯಾಸ್ ಸಿಲಿಂಡರ್ ಹೊರುತ್ತಿದ್ದ ಹಳೆಯ ಮೂರು ಗಾಲಿಯ ಸೈಕಲ್ಲು. ಮುಂದೆ ಒಂದು ಗಾಲಿ, ಹಿಂದೆ ಎರಡು, ಅವುಗಳ ಮೇಲೆ ತಗಡಿನ ಹಲಗೆ. ಅದನ್ನು ಕೊಂಡು, ಅಕ್ಕಿ ಗಿರಣಿಗಳ ಮೋಟಾರು ರಿಪೇರಿ ಮಾಡುವ ಮಿಸ್ತ್ರಿಯ ಅಂಗಡಿಗೆ ತಳ್ಳಿಕೊಂಡು ಹೋದೆ. ಆತ ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ಬ್ಯಾಟರಿಯನ್ನೂ ಸರಿಮಾಡುತ್ತಿದ್ದ. ಅರವತ್ತು ದಾಟಿದ ಮನುಷ್ಯ.

“ಇದರಾಗ ಏನು ಹೇರ್ತೀರಿ?” ಅಂತ ಕೇಳಿದ.

“ನಮ್ಮ ಅತ್ತಿ, ಎರಡು ಮಕ್ಕಳು.”

ಆತ ಕನ್ನಡಕ ತೆಗೆದು ಒರೆಸಿಕೊಂಡ. “ಮೋಟಾರು ಕುಂದರಿಸೂದು ದೊಡ್ಡದಲ್ರಿ ಅಕ್ಕಾರ. ಇದನ್ನ ನಿಂದರಸೂದು ದೊಡ್ಡದು. ಮೊದಲ ಬ್ರೇಕ್ ಹಾಕ್ತೀನಿ, ಆಮ್ಯಾಲೆ ಮೋಟಾರು. ಅವಸರ ಮಾಡಬ್ಯಾಡ್ರಿ.”

ಮುಂದಿನ ಗಾಲಿಯ ನಡುವೆಯೇ ಕೂರುವ ಮೋಟಾರನ್ನು ಆತ ಹೊರಗಿನಿಂದ ತರಿಸಿದ. ಮೂರೂ ಗಾಲಿಗೆ ಬ್ರೇಕ್ ಹಾಕಿದ. ಹಲಗೆಯ ಮೇಲೆ ಒರಗುವ ಸೀಟು, ಸುತ್ತ ಕಂಬಿ, ಹತ್ತಲು ಮೆಟ್ಟಿಲು. ಆಫೀಸು ಬಿಟ್ಟ ಮೇಲೆ ದಿನವೂ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಗಿರಣಿಯವರು ಬಂದು, “ಮೇಡಂ, ಕಾಯಿಪಲ್ಯ ಮಾರಾಕ ನಿಂತ್ರೇನು?” ಅಂತ ನಗುತ್ತಿದ್ದರು. “ಹೌದ್ರಿ, ಮೊದಲ ಗಿರಾಕಿ ನೀವ ಆಗ್ರಿ,” ಅನ್ನುತ್ತಿದ್ದೆ.

ಮೊದಲ ಸವಾರಿ ಒಬ್ಬಳೇ ಮಾಡಿದೆ, ಕಾಲುವೆಯ ದಂಡೆಯ ರಸ್ತೆಯಲ್ಲಿ. ಹಿಡಿಕೆ ತಿರುವಿದ್ದೇ ಗಾಡಿ ಮೆತ್ತಗೆ ಎಳೆದುಕೊಂಡು ಹೋಯಿತು. ಪೆಡಲಿಗೆ ಭಾರವೇ ಇಲ್ಲ. ಹುಡುಗಿಯಾಗಿದ್ದಾಗ ಸೈಕಲ್ ತುಳಿದವಳು ನಾನು, ತಿರುವಿನಲ್ಲಿ ಅಭ್ಯಾಸಬಲದಿಂದ ವೇಗ ತಗ್ಗಿಸದೆ ಮೈ ವಾಲಿಸಿದೆ. ಎರಡು ಗಾಲಿಯ ಸೈಕಲ್ಲು ನಮ್ಮ ಜೊತೆ ವಾಲುತ್ತದೆ, ಮೂರು ಗಾಲಿಯದ್ದು ವಾಲುವುದಿಲ್ಲ. ಹಿಂದಿನ ಒಂದು ಗಾಲಿ ಮೇಲೆದ್ದಿತು, ನಾನೂ ಗಾಡಿಯೂ ಒಟ್ಟಿಗೆ ನಾಟಿ ಮಾಡಿದ ಗದ್ದೆಗೆ ಉರುಳಿದೆವು.

ನಾಟಿ ಹಚ್ಚುತ್ತಿದ್ದ ಹೆಂಗಸರು ಓಡಿ ಬಂದು ಎತ್ತಿದರು. ಮೊಣಕೈ ಸುಲಿದಿತ್ತು, ಸೀರೆಯೆಲ್ಲ ಕೆಸರು. ಅವರಲ್ಲಿ ಹಿರಿಯಾಕೆ ಗಾಡಿಯನ್ನು ಸುತ್ತು ಹಾಕಿ ನೋಡಿ, “ಇದು ನಿಂದ ಏನವಾ? ನೀನ ಹೊಡೀತೀಯಾ?” ಅಂತ ಕೇಳಿದಳು. ಹೌದೆಂದೆ. “ಹಂಗಾರ ಮ್ಯಾಲ ಹತ್ತು. ಬಿದ್ದ ಜಾಗದಿಂದ ತಳ್ಕೊಂಡು ಹೋಗಬ್ಯಾಡ,” ಅಂದಳು. ಹತ್ತಿದೆ. ಅದೇ ಕೆಸರಿನಲ್ಲಿ, ಮಾರುಕಟ್ಟೆಯ ನಡುವಿನಿಂದಲೇ, ಎಲ್ಲರೂ ನೋಡುತ್ತಿರುವಾಗ ಹೊಡೆದುಕೊಂಡು ಬಂದೆ.

ಮಿಸ್ತ್ರಿ ನನ್ನನ್ನು ನೋಡಿ ನಗಲಿಲ್ಲ. “ತಪ್ಪು ನಂದೂ ಐತಿ,” ಅಂದ. ಸೀಟಿನ ಕೆಳಗಿದ್ದ ಬ್ಯಾಟರಿಯನ್ನು ಹಲಗೆಯ ಅಡಿಗೆ ಇಳಿಸಿದ, ಸೀಟನ್ನೂ ತಗ್ಗಿಸಿದ. ಭಾರ ಕೆಳಗಿದ್ದಷ್ಟೂ ಗಾಡಿ ನೆಲಕ್ಕೆ ಅಂಟಿಕೊಳ್ಳುತ್ತದೆಂದು ವಿವರಿಸಿದ. ಅಕ್ಕಿ ಚೀಲ ಹೇರಿಕೊಂಡು ಎರಡು ವಾರ ತಿರುವು ಕಲಿತೆ. ಚೀಲಗಳು ಒಮ್ಮೆಯೂ ಬೀಳದಾದ ಮೇಲೆಯೇ ಮಕ್ಕಳನ್ನು ಕೂರಿಸಿದ್ದು.

ಸುದ್ದಿ ಯಲಬುರ್ಗಾಕ್ಕೂ ಮುಟ್ಟಿತು. ಅಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಭಾವ, ನನ್ನ ಗಂಡನ ಅಣ್ಣ, ಒಂದು ಭಾನುವಾರ ಕಾರಿನಲ್ಲಿ ಬಂದರು. ನಾನು ಎದುರಿಗೇ ನಿಂತಿದ್ದರೂ ಮಾತಾಡಿದ್ದು ತಮ್ಮನ ಜೊತೆಗೆ.

“ಸಿಲಿಂಡರ್ ಹೊರೂ ಗಾಡ್ಯಾಗ ನಮ್ಮವ್ವನ್ನ ಕುಂದರಿಸ್ತಾಳಂತ. ಊರಾಗ ನಮಗೊಂದು ಹೆಸರೈತಿ. ನೀನು ಏನೂ ಅನ್ನಂಗಿಲ್ಲೇನು?”

ನಾನೇ ಉತ್ತರಿಸಿದೆ. “ಭಾವಾರ, ವಾರಕ್ಕ ಮೂರು ಸಲ ನಿಮ್ಮ ಕಾರು ಕಳಸ್ರಿ. ನಾಳೆನ ಇದನ್ನ ಮಾರ್ತೀನಿ.”

ಅವರು ನನ್ನ ಕಡೆ ತಿರುಗುವ ಮೊದಲೇ ಒಳಗಿನಿಂದ ಅತ್ತೆಯ ಊರುಗೋಲಿನ ಸದ್ದಾಯಿತು. ಅದುವರೆಗೂ ಅತ್ತೆ ಗಾಡಿ ಹತ್ತಲು ಒಪ್ಪಿರಲಿಲ್ಲ. ಮುಟ್ಟಿಯೂ ನೋಡಿರಲಿಲ್ಲ. ಬಾಗಿಲಿಗೆ ಬಂದು ನಿಂತು ಹಿರಿಯ ಮಗನಿಗೆ ಹೇಳಿದರು:

“ನಿನ್ನ ಕಾರು ಯಲಬುರ್ಗ್ಯಾಗ ಐತಿ. ನನ್ನ ಸೊಂಟ ಇಲ್ಲೇ ಐತಿ.”

ಅಂಗಳಕ್ಕಿಳಿದು, ಕಂಬಿ ಹಿಡಿದು, ಮೆಟ್ಟಿಲಿನ ಮೇಲೆ ಕಾಲಿಟ್ಟು ಹತ್ತಿದರು. ನಾನು ಹಿಡಿಯಲು ಹೋದಾಗ ಕೈ ಸರಿಸಿದರು. ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು, “ಒಂದು ಸುತ್ತು ಹಾಕಿಸ್ಕೊಂಡು ಬಾ, ತಂಗಿ,” ಅಂದರು ನನಗೆ. ಓಣಿಯ ಜನರೆಲ್ಲ ಕಟ್ಟೆಗೆ ಬಂದು ನೋಡಿದರು. ನಾವು ಒಂದಲ್ಲ, ಮೂರು ಸುತ್ತು ಹಾಕಿದೆವು. ತಿರುಗಿ ಬರುವಷ್ಟರಲ್ಲಿ ಭಾವ ಹೊರಟುಹೋಗಿದ್ದರು. ಗಂಡ ಮುಂದಿನ ಭಾನುವಾರ ತಾವೇ ಕೂತು ಗಾಡಿಗೆ ಬಿಸಿಲಿನ ಚಪ್ಪರ ಕಟ್ಟಿದರು.

ಶಾಲೆಯ ಗೇಟಿನ ಜಗಳ ಇನ್ನೂ ಬಾಕಿಯಿತ್ತು. ಒಂದು ಬೆಳಿಗ್ಗೆ ಕಾವಲುಗಾರ ಅಡ್ಡ ಬಂದು, “ಅಕ್ಕಾರ, ಗಾಡಿ ಆ ಕಡೆ ಗೋಡಿ ಹಿಂದ ನಿಂದರಸ್ಬೇಕಂತ. ದೊಡ್ಡ ಮೇಡಮ್ಮಾರು ಹೇಳ್ಯಾರ,” ಅಂದ. ಆತನದೇನೂ ತಪ್ಪಿರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

“ಬೇರೆ ಪಾಲಕರು ಆಕ್ಷೇಪ ಮಾಡ್ತಿದಾರೆ. ಗೇಟಿನ ಮುಂದೆ ಚೆಂದ ಕಾಣಲ್ಲ,” ಅಂದರು ಮುಖ್ಯ ಶಿಕ್ಷಕಿ. ಬೇರೆ ಸೀಮೆಯವರು, ಮಾತು ನಯವಾಗಿತ್ತು.

“ಮೇಡಂ, ನನ್ನ ಮಗಳು ಆಟೊದಾಗ ಕಾಲು ಹೊರಗ ಹಾಕ್ಕೊಂಡು ಬರ್ತಿದ್ಲು. ಅದು ಇದ ಗೇಟಿನ ಮುಂದ ನಿಲ್ತಿತ್ತು. ಆವಾಗ ಚೆಂದ ಕಾಣ್ತಿತ್ತೇನ್ರಿ?”

ಅವರು ಮೇಜಿನ ಮೇಲಿನ ಹಾಜರಿ ಪುಸ್ತಕ ತೆರೆದರು. “ಬರೆದು ಕೊಡ್ರಿ. ಇಂಥ ಗಾಡಿ ಬರಬಾರದು ಅಂತ ಬರೆದು ಕೊಟ್ರ ಗೋಡಿ ಹಿಂದ ನಿಂದರಸ್ತೀನಿ,” ಅಂದೆ. ಯಾರೂ ಬರೆದು ಕೊಡಲಿಲ್ಲ. ನಾನು ಗೇಟಿನ ಮುಂದೆಯೇ ನಿಲ್ಲಿಸುತ್ತ ಬಂದೆ.

ಅತ್ತೆಗೆ ಕಾಲು ಬರುತ್ತಿದ್ದಂತೆ ಬಾಯಿಯೂ ಬಂತು. ಹೇಮಗುಡ್ಡದ ದುರ್ಗವ್ವನ ಗುಡಿಗೆ ಹೋಗಬೇಕೆಂದು ಹಟ ಹಿಡಿದರು. ಹೋದೆವು. ಏರಿನಲ್ಲಿ ಮೋಟಾರು ಬಿಸಿಯಾಗಿ ನಿಂತಿತು. ಮಕ್ಕಳು ಇಳಿದು ಹಿಂದಿನಿಂದ ತಳ್ಳಿದರು, ನಾನು ಮುಂದೆ ಎಳೆದೆ, ಅತ್ತೆ ಇಳಿಯಲೊಲ್ಲದೆ ಕೂತಲ್ಲಿಂದಲೇ ಎಡಕ್ಕೆ ಬಲಕ್ಕೆ ಎಂದು ಅಪ್ಪಣೆ ಕೊಟ್ಟರು. ಕಾರಿನವನೊಬ್ಬ ನಿಧಾನಿಸಿ, “ಕರ್ಕೊಂಡು ಹೋಗ್ಬೇಕೇನ್ರಿ ಅಜ್ಜಿನ್ನ?” ಅಂತ ಕೇಳಿದ. “ಬ್ಯಾಡ್ರಿ, ನಮ್ಮ ಗಾಡಿ ಐತಿ,” ಅಂದರು ಅತ್ತೆ.

ಇದೆಲ್ಲ ಆಗಿ ನಾಲ್ಕು ವರ್ಷ. ಈಗ ಅತ್ತೆ ಓಣಿಯಲ್ಲಿ ತಾವೇ ನಡೆಯುತ್ತಾರೆ. ಬ್ಯಾಟರಿ ಒಮ್ಮೆ ಬದಲಾಗಿದೆ. ನಮ್ಮ ಓಣಿಯ ಅಂಗನವಾಡಿ ಟೀಚರು ಇಂಥದ್ದೇ ಒಂದನ್ನು ಅದೇ ಮಿಸ್ತ್ರಿಯಿಂದ ಮಾಡಿಸಿಕೊಂಡಿದ್ದಾರೆ. ಭಾವ ಇವತ್ತಿಗೂ ನನ್ನೊಂದಿಗೆ ನೇರವಾಗಿ ಮಾತಾಡುವುದಿಲ್ಲ, ನಾನೂ ಮಾತಾಡಿಸಲು ಹೋಗಿಲ್ಲ.

ಹೋದ ತಿಂಗಳು ದೊಡ್ಡ ಮಗಳು ಶಾಲೆಗೆ ಮೊದಲಿನ ತಿರುವಿನಲ್ಲಿ, “ಅವ್ವಾ, ಇಲ್ಲೇ ಇಳೀತೀನಿ,” ಅಂದಳು. ಒಂಬತ್ತನೇ ತರಗತಿ. ಯಾಕೆಂದು ಕೇಳಲಿಲ್ಲ, ಅವಳ ಮುಖದಲ್ಲೇ ಇತ್ತು. ಗಾಡಿ ನಿಲ್ಲಿಸಿದೆ. ಅವಳು ಇಳಿದು ಗೆಳತಿಯರ ಜೊತೆ ಸೇರಿಕೊಂಡಳು. ಅವಳ ನಾಚಿಕೆ ಅವಳದು, ಅದನ್ನು ನಾನು ಕಸಿದುಕೊಳ್ಳುವ ಹಾಗಿಲ್ಲ. ಆದರೆ ನನ್ನ ಆಫೀಸಿನ ದಾರಿ ಆ ಗೇಟಿನ ಮುಂದಿನಿಂದಲೇ ಹಾಯುತ್ತದೆ. ಗೇಟಿನಲ್ಲೇ ಇಳಿಯುವ ಚಿಕ್ಕವಳು ಹಿಂದೆ ಕಂಬಿ ಹಿಡಿದು ಕೂತಿದ್ದಳು. ನಾನು ಅಡ್ಡದಾರಿ ಹಿಡಿಯದೆ, ರಸ್ತೆಯ ನಡುವಿನಲ್ಲೇ ಗಾಡಿ ಹೊಡೆದೆ.