ದೀಪದಕ್ಕನ ಬಕೆಟ್ಟು

ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಅವಳನ್ನು ಎಲ್ಲರೂ ದೀಪದಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಶಾಖಕ್ಕಿಟ್ಟ ಮೊಟ್ಟೆಗಳನ್ನು ಒಂದೊಂದಾಗಿ ದೀಪದ ಮುಂದೆ ಹಿಡಿಯುವುದು ಅವಳ ಕೆಲಸ. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವವಿದೆ, ಟ್ರೇಗೆ ವಾಪಸ್ಸು. ಕಾಣದಿದ್ದರೆ ಬಕೆಟ್ಟಿಗೆ. ಮಬ್ಬಾಗಿ ಕಂಡರೂ ಬಕೆಟ್ಟಿಗೇ. ಸತ್ತ ಮೊಟ್ಟೆ ಕೊಳೆತು ಸಿಡಿದರೆ ಅಕ್ಕಪಕ್ಕದವೂ ಕೆಡುತ್ತವೆ. ಅವಳು ನೋಡಿ ಕಳಿಸಿದ್ದರಲ್ಲಿ ಒಂದೂ ಸಿಡಿದಿರಲಿಲ್ಲ. "ನಮ್ಮಕ್ಕನ ಕಣ್ಣು ತಪ್ಪೋದೇ ಇಲ್ಲ" ಎಂದು ಯಜಮಾನ ಬಂದವರಿಗೆಲ್ಲ ತೋರಿಸುತ್ತಿದ್ದ. ಅವಳು ಕೇಳಿಸದವಳಂತೆ ಕೂತಿದ್ದು, ಮನೆಗೆ ಬಂದ ಮೇಲೆ ಅದನ್ನು ಗಂಡನಿಗೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು.

ಮಗಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ತಾಯಿ ಅದೇ ಪುರಾಣ ಬಿಚ್ಚಿದಳು.

"ಅಮ್ಮಾ, ಬಕೆಟ್ಟಿಗೆ ಹಾಕಿದ್ದನ್ನ ಯಾವತ್ತಾದ್ರೂ ಒಡೆದು ನೋಡಿದ್ದೀಯಾ?"

"ಸತ್ತಿದ್ದನ್ನ ಯಾಕೆ ಒಡೀಲಿ?"

"ಸತ್ತಿದೆ ಅಂದಿದ್ದು ನೀನೇ ತಾನೆ? ಮೊದ್ಲು ಜೀವ ಇದೆ ಅಂತಾನೇ ಇಟ್ಕೋಬೇಕು. ಇಲ್ಲ ಅನ್ನೋಕೆ ಗಟ್ಟಿ ಸಾಕ್ಷಿ ಬೇಕು. ಜೀವ ಇರೋದನ್ನ ಎಸೆದ್ರೆ ಅದು ನಮ್ಮ ಪಾಠದಲ್ಲಿ ಮೊದಲನೇ ಬಗೆ ತಪ್ಪು. ಸತ್ತಿದ್ದನ್ನ ಇಟ್ಕೊಂಡ್ರೆ ಎರಡನೇ ಬಗೆ. ಅದೇ ದೀಪದಲ್ಲಿ ನೋಡ್ತಾ ಒಂದೂ ಸಿಡೀದ ಹಾಗೆ ಎರಡನೇದನ್ನ ಪೂರ್ತಿ ತಪ್ಪಿಸಿದ್ರೆ ಮೊದಲನೇದು ಬೆಳೀತಾ ಇರುತ್ತೆ."

"ಮೊಟ್ಟೆಗೂ ಕೋರ್ಟು ಕಟ್ಟಿದ್ದಾರಲ್ಲಪ್ಪಾ ಈ ಕಾಲೇಜಿನವ್ರು!" ಎಂದು ಗಂಡ ನಕ್ಕ. ದೀಪದಕ್ಕ ನಗಲಿಲ್ಲ. ಹೆತ್ತ ಮಗಳೇ ಹೆಸರಿಗೆ ಮಸಿ ಬಳಿದಳೆಂದು ಮುಖ ಊದಿಸಿಕೊಂಡು ಮಲಗಿದಳು.

ಮರುದಿನ, ಮಗಳ ಬಾಯಿ ಮುಚ್ಚಿಸಲೆಂದೇ ಬಕೆಟ್ಟಿನ ಮೊಟ್ಟೆಗಳನ್ನು ಬಟ್ಟಲಿಗೆ ಒಡೆಯತೊಡಗಿದಳು. ಮೊದಮೊದಲು ಬರೀ ಹಳದಿ, ಬರೀ ನೀರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ದಪ್ಪ ಚಿಪ್ಪಿನದೊಂದು ಕೈಗೆ ಬಂತು. ಮಬ್ಬಾಗಿದೆ ಎಂದು ಬೆಳಿಗ್ಗೆ ಎಸೆದದ್ದು. ಒಡೆದಳು. ಬೆರಳತುದಿಯಷ್ಟಿದ್ದ ಪಿಂಡದೊಳಗೆ ಕೆಂಪಗೆ ಏನೋ ಮಿಡಿಯುತ್ತಿತ್ತು. ದಿಕ್ಕು ತೋಚದೆ ಚಿಪ್ಪಿನ ಚೂರುಗಳಿಗೆ ಕೈ ಹಾಕಿದಳು. ಒಡೆದದ್ದು ಕೂಡುತ್ತದೆಯೇ? ಮಿಡಿತ ನಿಧಾನವಾಯಿತು, ನಿಂತಿತು. ಇಷ್ಟು ವರ್ಷ ಇಂಥವು ಎಷ್ಟು ಹೋದವೋ ಎಂದು ನೆನೆದು ಅವಳಿಗೆ ಅಳು ಬಂತು.

ಅಂದಿನಿಂದ ಮಬ್ಬಾದವನ್ನು ಟ್ರೇಯಲ್ಲೇ ಬಿಡತೊಡಗಿದಳು. ಕೆಲವು ಮರಿಯಾದವು. ಒಂದು ಸಿಡಿಯಿತು. "ಏನಕ್ಕಾ, ಕಣ್ಣು ಮಂಜಾಯ್ತಾ?" ಎಂದು ಯಜಮಾನ ಎಲ್ಲರೆದುರು ಕೂಗಾಡಿದ. ಬಂದವರಿಗೆ ಅವಳನ್ನು ತೋರಿಸುವುದನ್ನೂ ಬಿಟ್ಟ.

"ನನ್ನಿಂದಾನೇ ಬೈಸ್ಕೊಂಡೆ, ಅಲ್ವಾಮ್ಮಾ?" ಎಂದಳು ಮಗಳು.

"ಬೈಯ್ಲಿ ಬಿಡೇ," ಎಂದಳು ದೀಪದಕ್ಕ. "ಅವತ್ತು ಆ ಮರಿ ಸತ್ತಾಗ ಒಬ್ಬರೂ ಬೈಲಿಲ್ಲ ನಂಗೆ."