ಹಳದಿ ಟವೆಲ್ಲಿನ ಮಾರ್ಥವ್ವ

ಅಮೆರಿಕದ ಯಾವುದೋ ಸಮುದ್ರದಂಡೆಯ ಊರಿನಿಂದ ಬಂದು, ಕುಮಾರಪಟ್ಟಣದಲ್ಲಿ ನೀಲಗಂಗವ್ವನ ಮಹಡಿ ಮನೆ ಬಾಡಿಗೆ ಹಿಡಿದಿರುವ ಮಾರ್ಥಾಳನ್ನು ಊರೆಲ್ಲ ಮಾರ್ಥವ್ವ ಎನ್ನುತ್ತದೆ. ಆಕೆಗೆ ತುಂಗಭದ್ರೆಯ ದಂಡೆಯೇ ಸಮುದ್ರ. ಬೇಸಿಗೆಯಲ್ಲಿ ಹೊಳೆ ಸೊರಗಿ ಉಸುಕು ಮೇಲೆ ಬಂದರೆ ಸಾಕು, ಎಮ್ಮೆಗಳೂ ನೆರಳು ಹುಡುಕುವ ಹೊತ್ತಿಗೆ ಈಕೆ ಹಳದಿ ಟವೆಲ್ ಹಾಸಿ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಾಳೆ. "ಹಪ್ಪಳದಂಗ ಒಣಗಾಕತ್ತೀಯಲ್ಲವಾ" ಎಂದು ಬೈಯುತ್ತಲೇ ನೀಲಗಂಗವ್ವ ಪಕ್ಕದಲ್ಲಿ ಕೊಡೆ ಬಿಚ್ಚಿ ಕೂರುತ್ತಾಳೆ. ಮಳೆಗಾಲದಲ್ಲಿ ಹೊಳೆಗೆ ಕೆಂಪು ನೀರು ಬಂದಾಗ ಮಾರ್ಥವ್ವ ಅದೇ ಟವೆಲ್ಲನ್ನು ತಲೆಗೆ ಹೊದ್ದು ನೋಡುತ್ತ ನಿಲ್ಲುತ್ತಾಳೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಹೋದರೆ ಅದರಲ್ಲೇ ಮೂಗು ಮುಚ್ಚಿಕೊಂಡು ಪೇಟೆಯೆಲ್ಲ ತಿರುಗಿ ನೋಡುವಂತೆ ಸೀನುತ್ತಾಳೆ. ಏನು ಕಂಡರೂ "ಇದು ಯಾಕ್ರಿ?" ಎಂದು ಕೇಳಿ, ಉತ್ತರ ಸಿಗುವವರೆಗೆ ಕದಲುವುದಿಲ್ಲ. ಹೀಗೆ ಕೇಳಿ ಕೇಳಿಯೇ ಊರಿನ ರೀತಿ ರಿವಾಜುಗಳನ್ನು ಊರವರಿಗಿಂತ ಚೆನ್ನಾಗಿ ಕಲಿತಿದ್ದಾಳೆ. ಈ ಸಲ ವೀಸಾ ಮುಗಿದು, ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ತನ್ನ ದೇಶಕ್ಕೆ ಹೊರಟ ಬೆಳಿಗ್ಗೆ, ನೀಲಗಂಗವ್ವ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದು ಉಡಿ ತುಂಬಲು ಬಂದಾಗ, ರಿವಾಜು ಬಲ್ಲ ಮಾರ್ಥವ್ವ ಹಿಂದೆ ಸರಿದಳು. "ನನ್ನ ಗಂಡ ತೀರಿಕೊಂಡಾನ್ರಿ. ನನಗ ಉಡಿ ತುಂಬಂಗಿಲ್ಲ ಅಲ್ರಿ." ನೀಲಗಂಗವ್ವ ತನ್ನ ಬರಿಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. "ನನ್ನ ಗಂಡನೂ ಹೋಗ್ಯಾನ. ತವರಿಂದ ಹೊಂಟ ಮಗಳನ್ನ ಬರೇ ಉಡೀಲೆ ಹೆಂಗ ಕಳಸ್ಲಿ? ಒಡ್ಡವಾ." ಪ್ಯಾಂಟು ತೊಟ್ಟವಳಿಗೆ ಸೆರಗೆಲ್ಲಿಯದು? ಹೆಗಲ ಮೇಲಿನ ಹಳದಿ ಟವೆಲ್ಲನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿ ನಿಂತ ಮಾರ್ಥವ್ವ, ಅಂದು ಮಾತ್ರ ಯಾಕೆಂದು ಕೇಳಲಿಲ್ಲ.